ನೂರಿಪ್ಪತ್ತು ಗಂಟೆಗಳ ಕಲಿಕೆ

“ಇನ್ನೊಂದು ಸಲ ಓದ್ಕೊಂಡ್ಬಿಡಿ ಮೇಡಂ, ಆಮೇಲೆ ಸಹಿ ಹಾಕಿ,” ಎಂದರು ಕುಲಸಚಿವರು.

ಓದುವುದಕ್ಕೆ ಏನಿತ್ತು? ಆ ಕ್ಷಮಾಪಣೆ ಪತ್ರವನ್ನು ಅರ್ಧ ಗಂಟೆಯ ಹಿಂದೆ ತಮ್ಮ ಕೈಯಾರೆ ಟೈಪ್ ಮಾಡಿಕೊಂಡು ಬಂದವರೇ ಆ ಮೇಡಂ. ಆದರೂ ಮೇಲಿನವರ ಮಾತು ಮೀರುವ ಜಾಯಮಾನ ಅವರದಲ್ಲ. ಕನ್ನಡಕ ಸರಿಮಾಡಿಕೊಂಡು, ತುಟಿ ಅಲ್ಲಾಡಿಸುತ್ತ, ಮೊದಲ ಸಾಲಿನಿಂದ ಓದತೊಡಗಿದರು. ಇಪ್ಪತ್ತೇಳು ವರ್ಷ ಪರೀಕ್ಷಾ ವಿಭಾಗದ ಅದೇ ಕಿಟಕಿಯ ಪಕ್ಕ ಕೂತು ಲೆಕ್ಕವಿಲ್ಲದಷ್ಟು ಹುಡುಗ ಹುಡುಗಿಯರ ಅಂಕಪಟ್ಟಿ ತಯಾರಿಸಿದ ಹೆಂಗಸು. ಪ್ರಾಧ್ಯಾಪಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ‘ಅಂಕಪಟ್ಟಿ ಅಕ್ಕ’.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ವಿಶ್ವವಿದ್ಯಾಲಯದ ಸೈಬರ್ ಭದ್ರತಾ ತಜ್ಞನಿಗೆ ಆ ಪತ್ರ ಓರೆಯಾಗಿ ಕಾಣುತ್ತಿತ್ತು. ನೋಡಬಾರದು ಅಂದುಕೊಂಡೇ ಓದಿದ. ‘ನಮ್ಮ ಭದ್ರತಾ ತಜ್ಞರು ತರಬೇತಿಗಳಲ್ಲಿ ಹಲವು ಬಾರಿ ತಿಳಿಸಿಕೊಟ್ಟಿದ್ದರೂ, ಇಮೇಲ್ ಕಳುಹಿಸಿದವರ ವಿಳಾಸವನ್ನು ಸರಿಯಾಗಿ ಗಮನಿಸದೆ ನನ್ನ ಪಾಸ್‌ವರ್ಡ್ ನೀಡಿದ್ದು ಸಂಪೂರ್ಣವಾಗಿ ನನ್ನದೇ ತಪ್ಪು.’

ಸುಳ್ಳು. ಅಕ್ಕ ವಿಳಾಸವನ್ನು ಗಮನಿಸಿದ್ದರು, ಸರಿಯಾಗಿಯೇ ಗಮನಿಸಿದ್ದರು. ಅದು ಸುಳ್ಳೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ. ಸಹಿ ಹಾಕಲು ಹೊರಟ ಅಕ್ಕನಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಆ ಮಹಾಶಯ ಹಿಂದಿನ ದಿನ ಬೆಳಿಗ್ಗೆಯಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಅಕ್ಕ ಸಹಿ ಹಾಕಿ, ಪತ್ರವನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳಿ, ಅವನ ಕಡೆ ತಿರುಗಿದರು. “ನನ್ನಿಂದ ನಿಮಗೂ ಕೆಟ್ಟ ಹೆಸರು ಬಂತು ಸರ್. ಅಷ್ಟೊಂದು ಹೇಳ್ಕೊಟ್ಟಿದ್ರಿ.”

“ಇರ್ಲಿ ಬಿಡಿ ಮೇಡಂ,” ಎಂದ ಅವನು.

ಇರಲಿ ಬಿಡಿ ಅಂತೆ! ಅಂದ ಮೇಲೆ ಆ ಮಾತು ಅವನ ಕಿವಿಗೇ ಕೇಳಿಸಿತು. ಕೂತ ಕುರ್ಚಿ ಸಮೇತ ನೆಲ ನುಂಗಬಾರದೇ ಅನ್ನಿಸಿತು.

ಅವನನ್ನು ಕಂಡರೆ ಜನ ‘ಪಾಸ್‌ವರ್ಡ್ ಸರ್ ಬಂದ್ರು’ ಎಂದು ಕಂಪ್ಯೂಟರಿನ ಅಂಚಿಗೆ ಅಂಟಿಸಿದ ಚೀಟಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ ಕಾಲವೊಂದಿತ್ತು. ಹನ್ನೊಂದು ವರ್ಷದ ನೌಕರಿ. ಆರು ತಿಂಗಳಿಗೊಮ್ಮೆ ತಾನೇ ಮೋಸದ ಮೇಲ್‌ಗಳನ್ನು ತಯಾರಿಸಿ ಸಿಬ್ಬಂದಿಗೆಲ್ಲ ಕಳಿಸುವುದು, ಯಾರು ಬಲೆಗೆ ಬಿದ್ದರು ಎಂದು ಪಟ್ಟಿ ಮಾಡುವುದು, ಆಮೇಲೆ ಸಭಾಂಗಣಕ್ಕೆ ಕರೆದು ಪಾಠ ಹೇಳುವುದು ಅವನ ಕ್ರಮ. ಗಣಿತ ವಿಭಾಗದ ಮುಖ್ಯಸ್ಥರು ಮೂರು ಸಲ ಸಿಕ್ಕಿಬಿದ್ದು, “ಏನ್ ಮಾಡ್ಲಿ, ನೀವು ಬರೆಯೋ ಮೋಸದ ಕಾಗದ ಅಷ್ಟು ಚೆನ್ನಾಗಿರುತ್ತೆ,” ಎಂದು ತಲೆ ಕೆರೆದುಕೊಂಡಿದ್ದರು. ಅಂಕಪಟ್ಟಿ ಅಕ್ಕ ಮಾತ್ರ ಒಂದು ಸಲವೂ ಬಿದ್ದವರಲ್ಲ.

ಈ ವರ್ಷ ವಿಶ್ವವಿದ್ಯಾಲಯ ಹೊಸದಾಗಿ ಸೈಬರ್ ಭದ್ರತಾ ಕೇಂದ್ರ ತೆರೆಯುವುದಿತ್ತು. ಮುಖ್ಯಸ್ಥನ ಕುರ್ಚಿ ಅವನಿಗೇ ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಅದಕ್ಕೊಂದು ಷರತ್ತು: ಅವನ ವೃತ್ತಿಪರ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಆ ಪ್ರಮಾಣಪತ್ರಕ್ಕೋ ಇನ್ನೊಂದು ಷರತ್ತು: ಮೂರು ವರ್ಷಕ್ಕೊಮ್ಮೆ ನೂರಿಪ್ಪತ್ತು ಗಂಟೆ ಹೊಸದಾಗಿ ಏನಾದರೂ ಕಲಿತದ್ದಕ್ಕೆ ಪುರಾವೆ ಕೊಡಬೇಕು. ಉಪನ್ಯಾಸ ಕೇಳಬಹುದು, ಕಮ್ಮಟಕ್ಕೆ ಹೋಗಬಹುದು, ಪುಸ್ತಕ ಓದಬಹುದು.

ಮೊದಮೊದಲು ಪ್ರಾಮಾಣಿಕವಾಗಿಯೇ ಕೇಳಿದ. ಆಮೇಲೆ ಕೆಲಸ, ಸಭೆ, ಕೆಟ್ಟುಹೋದ ಸರ್ವರ್, ಮನೆ. ಕೊನೆಯ ವರ್ಷ ಅವನ ಕಲಿಕೆ ಹೇಗೆ ನಡೆಯಿತೆಂದರೆ, ಲ್ಯಾಪ್‌ಟಾಪಿನಲ್ಲಿ ಉಪನ್ಯಾಸ ಹಚ್ಚಿಟ್ಟು ಇವನು ಇಸ್ತ್ರಿ ಮಾಡುತ್ತ ನಿಲ್ಲುವುದು. ಇಪ್ಪತ್ತು ನಿಮಿಷಕ್ಕೊಮ್ಮೆ ‘ಇನ್ನೂ ನೋಡುತ್ತಿದ್ದೀರಾ?’ ಎಂದು ಪರದೆ ಕೇಳುತ್ತಿತ್ತು. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಬಂದು ‘ಹೌದು’ ಒತ್ತಿ ಹೋಗುತ್ತಿದ್ದ.

“ನಿಮ್ಮ ಮೇಷ್ಟ್ರು ಪಾಪ, ಗೋಡೆಗೆ ಪಾಠ ಹೇಳ್ತಿದಾರೆ,” ಎಂದು ಹೆಂಡತಿ ನಕ್ಕಿದ್ದಳು. “ನಮ್ಮ ಗೋಡೆಗೆ ಈ ಸಲ ಡಿಗ್ರಿ ಗ್ಯಾರಂಟಿ.”

ಅವನೂ ನಕ್ಕಿದ್ದ. ಐವತ್ತು ಗಂಟೆಗಳಷ್ಟು ಹೀಗೆಯೇ ಆದವು. ಅವನ್ನೆಲ್ಲ ಕಲಿತ ಗಂಟೆಗಳೆಂದು ಅರ್ಜಿಯಲ್ಲಿ ತೋರಿಸಿ ಕಳಿಸಿದ್ದ. ಕಳಿಸಿದ ಮೇಲೆ ಒಳಗೊಳಗೇ ಪುಕುಪುಕು ಶುರುವಾಗಿತ್ತು.

ಸಹಿಗೆ ಐದು ದಿನ ಮೊದಲು, ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದ ಮೇಲ್ ಅವನ ಆ ಪುಕುಪುಕಿಗೇ ನೇರವಾಗಿ ಕೈಯಿಟ್ಟಿತು. ‘ನಿಮ್ಮ ಕಲಿಕೆಯ ಗಂಟೆಗಳಲ್ಲಿ ಕೆಲವನ್ನು ತಿರಸ್ಕರಿಸಲಾಗಿದೆ. ಆಕ್ಷೇಪಣೆ ಇದ್ದಲ್ಲಿ ಇಂದು ಮಧ್ಯಾಹ್ನದೊಳಗೆ ನಿಮ್ಮ ಸಂಸ್ಥೆಯ ಖಾತೆಯಿಂದ ಲಾಗಿನ್ ಆಗಿ.’ ಸಿಕ್ಕಿಬಿದ್ದೆ, ಕೇಂದ್ರವೂ ಹೋಯಿತು, ಮಾನವೂ ಹೋಯಿತು ಎಂಬುದೊಂದೇ ತಲೆಯಲ್ಲಿ. ಬೇರೆಯವರಿಗೆ ಹನ್ನೊಂದು ವರ್ಷ ಹೇಳಿದ್ದೆಲ್ಲ ಆ ಕ್ಷಣ ಎಲ್ಲಿ ಅಡಗಿತ್ತೋ! ಕೊಂಡಿ ಒತ್ತಿದ, ಪಾಸ್‌ವರ್ಡ್ ಕೊಟ್ಟ. ‘ಲಾಗಿನ್ ಆಗುತ್ತಿರುವವರು ನೀವೇನಾ?’ ಎಂದು ಫೋನು ಕೇಳಿತು. ಇಸ್ತ್ರಿ ಮಾಡುವಾಗಿನ ಅಭ್ಯಾಸ, ‘ಹೌದು’ ಒತ್ತಿದ. ‘ನಿಮ್ಮ ಆಕ್ಷೇಪಣೆ ದಾಖಲಾಗಿದೆ, ಧನ್ಯವಾದ’ ಎಂದಿತು ಪುಟ. ಎಲ್ಲೋ ಏನೋ ಸಣ್ಣಗೆ ಚುಚ್ಚಿದ್ದು ನಿಜ. ಅಷ್ಟರಲ್ಲಿ ಸಭೆಗೆ ಕರೆ ಬಂತು, ಎದ್ದು ಹೋದ.

ಶುಕ್ರವಾರ ಗಲಾಟೆ. ವಿದ್ಯಾರ್ಥಿಗಳ ಮನೆಮನೆಗೆ ಫೋನು ಹೋಗತೊಡಗಿತ್ತು. ‘ನಿಮ್ಮ ಮಗಳು ಎರಡು ವಿಷಯದಲ್ಲಿ ಫೇಲು, ಸರಿಮಾಡಿಸಬೇಕಾದರೆ ಹೀಗೆ ಮಾಡಿ’ ಎಂದು ಯಾರೋ ವಂಚಕರು, ಹೆಸರು, ನೋಂದಣಿ ಸಂಖ್ಯೆ, ಅಂಕ ಸಮೇತ ಹೇಳುತ್ತಿದ್ದರು. ನಾಲ್ಕು ಸಾವಿರ ವಿದ್ಯಾರ್ಥಿಗಳ ವಿವರ ಸೋರಿಹೋಗಿತ್ತು. ಸರ್ವರ್ ನಿಲ್ಲಿಸಿ ದಾಖಲೆ ತೆಗೆದು ನೋಡಿದರೆ, ಅಷ್ಟೂ ಹೊರಹೋದದ್ದು ಅಂಕಪಟ್ಟಿ ಅಕ್ಕನ ಖಾತೆಯಿಂದ.

“ನಿನ್ನೆ ಮಧ್ಯಾಹ್ನ ನಿಮ್ಮಿಂದಾನೇ ಮೇಲ್ ಬಂತಲ್ಲ ಸರ್,” ಎಂದಿದ್ದರು ಅಕ್ಕ, ಅವನನ್ನೇ ನೋಡುತ್ತ. “ಅಂಕಗಳ ಸರ್ವರ್ ತಪಾಸಣೆ ಇದೆ, ಇಲ್ಲಿ ಲಾಗಿನ್ ಆಗಿ ಅಂತ. ಈಗ ನೋಡಿದ್ರೆ ಅದು ಕಾಣಿಸ್ತಾನೇ ಇಲ್ಲ.”

“ಒಳಗೆ ಬಂದವರು ಅದನ್ನ ಅಳಿಸಿ ಹೋಗಿರ್ತಾರೆ. ಹೆಸರು ಯಾರು ಬೇಕಾದ್ರೂ ಹಾಕ್ಕೋಬಹುದು ಮೇಡಂ. ವಿಳಾಸ ನೋಡಿ ಅಂತ ಎಷ್ಟು ಸಲ ಹೇಳಿಲ್ಲ ನಾನು?”

“ನೋಡಿದೆ ಸರ್.”

“ನೋಡಿದ್ರೆ ಹೀಗಾಗ್ತಿರ್ಲಿಲ್ಲ.”

ಶುಕ್ರವಾರ ಅವನು ಅದನ್ನು ನಂಬಿಯೇ ಹೇಳಿದ್ದ. ಅಷ್ಟರ ಮಟ್ಟಿಗೆ ಅವನನ್ನು ಬಿಟ್ಟುಬಿಡಬಹುದು. ಸೋಮವಾರ ಬೆಳಿಗ್ಗೆ ಬೇಗ ಬಂದು, ಮೇಲ್ ಸರ್ವರಿನ ಮೂಲ ದಾಖಲೆ ತೆರೆದು, ಅಕ್ಕನಿಗೆ ಬಂದ ಆ ಮೇಲ್ ಹುಟ್ಟಿದ ಜಾಗ ಹುಡುಕುತ್ತ ಹಿಂದಕ್ಕೆ ಹೋದ. ಕಳ್ಳವಿಳಾಸ ಸಿಗುತ್ತದೆಂದು ಹುಡುಕಿದವನಿಗೆ ಸಿಕ್ಕಿದ್ದು ತನ್ನದೇ ವಿಳಾಸ, ಒಂದಕ್ಷರವೂ ವ್ಯತ್ಯಾಸವಿಲ್ಲ. ಅದರ ಮೇಲಿನ ಸಾಲುಗಳಲ್ಲಿ, ಗುರುವಾರ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಅವನ ಖಾತೆಗೆ ಯಾವುದೋ ಕಾಣದ ದೇಶದಿಂದ ಯಾರೋ ಒಳಬಂದದ್ದು, ಫೋನಿನಿಂದ ‘ಹೌದು’ ಎಂಬ ಒಪ್ಪಿಗೆ ಸಿಕ್ಕಿದ್ದು, ಎಲ್ಲ ಸ್ಪಷ್ಟವಾಗಿ ಬರೆದಿತ್ತು.

ಎದ್ದು ಬಾಗಿಲು ಹಾಕಿ ಬಂದ. ಬಾಗಿಲು ಹಾಕಬೇಕೆಂದು ಯಾಕೆ ಅನ್ನಿಸಿತು? ನೋಡುವವರು ಯಾರೂ ಇರಲಿಲ್ಲ. ಆ ದಾಖಲೆ ಓದಲು ಬರುವವನು ಇಡೀ ಕಟ್ಟಡದಲ್ಲಿ ಅವನೊಬ್ಬನೇ. ಅಕ್ಕನ ಅಧೀಕ್ಷಕಿ ಬಡ್ತಿಯ ಕಡತ ಅದೇ ವಾರ ಕುಲಸಚಿವರ ಮೇಜಿನ ಮೇಲಿದೆ ಎಂಬುದೂ, ಒಂದು ಆರೋಪಪತ್ರ ಹೋದರೆ ಸಾಕು ಆ ಕಡತ ಮೂಲೆ ಸೇರುತ್ತದೆ ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಮಂಗಳವಾರ ಅಕ್ಕ ಸಹಿ ಹಾಕಿದರು, ಇವನು ‘ಇರ್ಲಿ ಬಿಡಿ’ ಎಂದ.

ಅಂದು ಸಂಜೆ ಮನೆಗೆ ಹೊರಟವನು ಪರೀಕ್ಷಾ ವಿಭಾಗದ ಮುಂದೆ ತಲೆ ತಗ್ಗಿಸಿಕೊಂಡು ದಾಟುತ್ತಿದ್ದ. ಒಳಗಿಂದ ಅಕ್ಕ ಕರೆದರು.

“ಸರ್, ಒಂದ್ನಿಮಿಷ ಬಿಡುವಿದ್ಯಾ?”

ಉಳಿದವರೆಲ್ಲ ಹೋಗಿದ್ದರು. ಅಕ್ಕನ ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ಕು. ಬಿಚ್ಚಿದ ಪುಟದ ತಲೆಯಲ್ಲಿ ನಾಲ್ಕು ವರ್ಷದ ಹಿಂದಿನ ತಾರೀಖು, ಅದರ ಕೆಳಗೆ ಅವನ ತರಬೇತಿಯ ಮಾತುಗಳು, ದುಂಡಗಿನ ಅಕ್ಷರದಲ್ಲಿ. ಪುಟ ತಿರುಗಿಸಿದರೆ ಇನ್ನೊಂದು ತರಬೇತಿ, ಮತ್ತೊಂದು. ಅವನು ತಮಾಷೆಗೆ ಹೇಳಿದ್ದನ್ನೂ ಬರೆದುಕೊಂಡಿದ್ದರು. ಒಂದು ಕಡೆ ‘ಇಲ್ಲಿ ಎಲ್ಲರೂ ನಕ್ಕರು’ ಎಂದಿತ್ತು.

“ನಂಗೆ ಒಂದು ಅರ್ಥ ಆಗ್ತಿಲ್ಲ ಸರ್. ತಪ್ಪಾಯ್ತು, ಸಹಿ ಹಾಕ್ದೆ, ಅದು ಸರಿ. ಆದ್ರೆ ಮುಂದೆ ಹಂಗಾಗ್ಬಾರ್ದಲ್ಲ. ನೀವು ಹೇಳಿದ ಹಾಗೇ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದ್ದೆ. ಎಲ್ಲಿ ತಪ್ಪಿದೆ ಅಂತ ಸ್ವಲ್ಪ ಹೇಳ್ಕೊಡಿ. ರಾತ್ರಿಯೆಲ್ಲ ಅದೇ ಯೋಚನೆ. ಕಣ್ಣು ಏನಾದ್ರೂ ಹೋಯ್ತಾ ನನಗೆ ಅಂತ.”

ಇದೇ ಹೇಳುವ ಗಳಿಗೆ. ಬಾಯಿ ತೆರೆದ. ಹೊರಬಂದದ್ದು ಬೇರೆ.

“ಕೆಲವು ಸಲ… ಒಂದಕ್ಷರ ಬದಲಾಯಿಸಿರ್ತಾರೆ ಅಕ್ಕ. ಸೊನ್ನೆ ಇರೋ ಕಡೆ ಇಂಗ್ಲಿಷ್ ಓ ಹಾಕಿರ್ತಾರೆ. ಬರಿಗಣ್ಣಿಗೆ ಗೊತ್ತಾಗಲ್ಲ.”

“ಓ, ಹೌದಾ?” ಅಕ್ಕ ಪೆನ್ನು ತೆಗೆದು, ಹೊಸ ಪುಟದಲ್ಲಿ ಅಂದಿನ ತಾರೀಖು ಹಾಕಿ ಬರೆದುಕೊಂಡರು. ‘ಸೊನ್ನೆಯ ಬದಲು ಓ. ಬರಿಗಣ್ಣಿಗೆ ತಿಳಿಯದು.’ ಕೆಳಗೆ ಗೆರೆ ಎಳೆದರು. “ಈಗ ಸಮಾಧಾನ ಆಯ್ತು ನೋಡಿ. ಥ್ಯಾಂಕ್ಸ್ ಸರ್.”

ಆ ರಾತ್ರಿ ಅವನು ಅರ್ಧ ಊಟಕ್ಕೇ ಎದ್ದುಬಿಟ್ಟ. “ಯಾಕ್ರೀ, ಮುಖ ಹೀಗಿದೆ?” ಎಂದಳು ಹೆಂಡತಿ. ಆಫೀಸಿನ ತಲೆನೋವು ಎಂದ. ಏಮಾರಿದ್ದಕ್ಕೆ ಅಲ್ಲ ಅವನಿಗೆ ನಾಚಿಕೆ. ಏಮಾರುವುದು ಯಾರಿಗೂ ತಪ್ಪಿದ್ದಲ್ಲ, ಅದನ್ನು ಅವನೇ ನೂರು ಸಲ ಸಭಾಂಗಣದಲ್ಲಿ ಹೇಳಿದ್ದ. ಹೇಳಿಕೊಟ್ಟದ್ದನ್ನು ಅಕ್ಷರ ಬಿಡದೆ ಕಲಿತ ಒಬ್ಬಳು ಹೆಂಗಸು, ಅವಳ ನೋಟ್‌ಬುಕ್ಕಿಗೆ ತಾನು ಸುಳ್ಳು ಬರೆಸಿ ಬಂದೆ. ಥೂ, ನಾನೂ ಒಬ್ಬ ಮೇಷ್ಟ್ರಾ ಎಂದು ಹೊರಳಾಡಿದ.

ಬುಧವಾರ ಬಾಗಿಲು ತೆರೆಯುವ ಹೊತ್ತಿಗೇ ಕುಲಸಚಿವರ ಮುಂದೆ ಹೋಗಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ದಾಖಲೆಯ ಕಾಗದ ಮೇಜಿನ ಮೇಲಿಟ್ಟ.

ಕುಲಸಚಿವರು ಓದಿದರು. ಬೈಯುತ್ತಾರೆಂದು ಕಾದ. ಬೈಯಲಿಲ್ಲ.

“ಇದನ್ನ ಯಾರ್ಯಾರಿಗೆ ಹೇಳಿದೀರಿ?”

“ಯಾರಿಗೂ ಇಲ್ಲ ಸರ್.”

“ಹಾಗಾದ್ರೆ ಹೇಳೋಕೆ ಹೋಗ್ಬೇಡಿ.” ಕಾಗದವನ್ನು ಮಡಚಿ ಅವನ ಕಡೆಗೇ ತಳ್ಳಿದರು. “ಹದಿನೈದು ದಿನಕ್ಕೆ ಕೇಂದ್ರದ ಉದ್ಘಾಟನೆ. ಭದ್ರತಾ ತಜ್ಞರೇ ಪಾಸ್‌ವರ್ಡ್ ಕೊಟ್ಟು ಕೂತ್ರು ಅಂದ್ರೆ ಜನ ಎಲ್ಲಿಂದ ನಗ್ತಾರೆ ಗೊತ್ತಾ? ಆಯಮ್ಮ ಸಹಿ ಹಾಕಿ ಆಗಿದೆ. ಬಡ್ತಿ ಒಂದೆರಡು ವರ್ಷ ಮುಂದಕ್ಕೆ ಹೋಗುತ್ತೆ, ಅಷ್ಟೇ ತಾನೆ? ಏನೂ ಅಂದ್ಕೊಳ್ಳಲ್ಲ, ಒಳ್ಳೇ ಹೆಂಗ್ಸು.”

“ಅವರ ನಿವೃತ್ತಿಗೆ ಇರೋದೇ ಎರಡು ವರ್ಷ ಸರ್.”

“ನೀವು ಬಹಳ ಯೋಚ್ನೆ ಮಾಡ್ತೀರಿ,” ಎಂದು ಕುಲಸಚಿವರು ಫೋನೆತ್ತಿಕೊಂಡರು.

ಹೊರಗಿನ ಕಾರಿಡಾರಿನಲ್ಲಿ ನಿಂತಾಗ ಅವನಿಗೆ ಮೊದಲು ಆದದ್ದು ಏನು ಗೊತ್ತೇ? ಹಾಯೆನಿಸಿತು. ಹೇಳುವವರಿಗೆ ಹೇಳಿಯಾಯಿತು, ಬೇಡವೆಂದವರು ಅವರು, ನನ್ನ ತಪ್ಪೇನು? ಎಂಟು ಹತ್ತು ಹೆಜ್ಜೆ ಆ ಹಗುರದಲ್ಲೇ ನಡೆದ. ಮೆಟ್ಟಿಲ ಹತ್ತಿರ ಬಂದಾಗ ಆ ಹಾಯೆನಿಸಿದ್ದಕ್ಕೇ ಮೈಯೆಲ್ಲ ಹಿಡಿಯಾಯಿತು. ಮೇಲೆ ತನ್ನ ಕೋಣೆಗೆ ಹೋಗಬೇಕಿದ್ದವನು ಕೆಳಗೆ ಪರೀಕ್ಷಾ ವಿಭಾಗಕ್ಕೆ ಇಳಿದ.

ಅಕ್ಕ ಅವನನ್ನು ಕಂಡು ಎದ್ದು ನಿಂತರು. ಅವನು ಕೂರಲಿಲ್ಲ. ಕೂತರೆ ಮಾತು ಸುತ್ತಿ ಬಳಸಿ ಹೋಗುತ್ತದೆಂದು ಹೆದರಿ ನಿಂತೇ ಹೇಳಿದ. ತನ್ನ ಗಂಟೆಗಳ ವಿಷಯ, ಇಸ್ತ್ರಿಯ ವಿಷಯ, ಗುರುವಾರದ ಮೇಲ್, ತಾನು ಒತ್ತಿದ ‘ಹೌದು’. “ನಿಮಗೆ ಬಂದಿದ್ದು ನನ್ನ ಖಾತೆಯಿಂದಾನೇ ಅಕ್ಕ. ಅದು ನನ್ನದೇ ವಿಳಾಸ. ಸೊನ್ನೆನೂ ಇಲ್ಲ, ಓನೂ ಇಲ್ಲ.” ದಾಖಲೆಯ ಕಾಗದವನ್ನು ಮುಂದಿಟ್ಟು ಸಾಲುಸಾಲಾಗಿ ತೋರಿಸಿದ. ಅಕ್ಕ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದರು.

“ಹಾಗಾದ್ರೆ ನಾನು ನೋಡಿದ್ದು ಸರಿ ಇತ್ತಾ?”

“ಸರಿ ಇತ್ತು.”

“ಸದ್ಯ!” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ನೋಟ್‌ಬುಕ್ಕು ತೆಗೆದು, ಹಿಂದಿನ ದಿನದ ಸಾಲಿನ ಮೇಲೆ ಅಳತೆಪಟ್ಟಿ ಇಟ್ಟು ಅಡ್ಡಗೆರೆ ಎಳೆದರು. ಅವನು ಕಿಟಕಿಯ ಕಡೆ ನೋಡಿದ.

“ಕುಲಸಚಿವರಿಗೆ ಹೇಳಿದ್ರಾ ಸರ್?”

“ಹೇಳ್ದೆ. ಸುಮ್ನಿರಿ ಅಂದ್ರು.”

“ಅಂದ್ರೂ ಇಲ್ಲಿಗೆ ಬಂದ್ರಲ್ಲ!” ಅಕ್ಕನ ಕಣ್ಣಲ್ಲಿ ನೀರಾಡಿತು. “ಬೇರೆ ಯಾರಾದ್ರೂ ಆಗಿದ್ರೆ ಮುಚ್ಚಿಹಾಕ್ಬಿಡ್ತಿದ್ರು. ದೊಡ್ಡ ಮನಸ್ಸು ನಿಮ್ದು. ಕೂತ್ಕೊಳ್ಳಿ, ನಿಂತೇ ಇದೀರಲ್ಲ. ನಾನು ಕೊಟ್ಟ ಪತ್ರ ವಾಪಸ್ ತಗೋಬೇಕಲ್ವಾ? ಈಗ್ಲೇ ಒಂದು ಟೈಪ್ ಮಾಡ್ತೀನಿ. ನೀವು ಓದಿ, ಸರಿ ಇದ್ರೆ ನೀವೂ ಕೆಳಗೆ ಸಹಿ ಹಾಕಿ. ನೇರವಾಗಿ ಕುಲಪತಿಗಳಿಗೇ ಕೊಡೋಣ.”

“ಹಾಕ್ತೀನಿ,” ಎಂದ. ಸಹಿ ಹಾಕಿದರೆ ಕೇಂದ್ರದ ಕುರ್ಚಿ ಅಲ್ಲಿಗೆ ಮುಗಿಯಿತು. ಅದು ಅವನಿಗೆ ಮೆಟ್ಟಿಲು ಇಳಿಯುವಾಗಲೇ ಗೊತ್ತಿತ್ತು. ಬಿಟ್ಟುಹೋದರೆ ಹೋಗಲಿ ಎನ್ನುವಷ್ಟು ಧೈರ್ಯವೂ ಬಂದಿತ್ತು.

ಅಕ್ಕ ಕೀಲಿಮಣೆ ಹತ್ತಿರ ಎಳೆದುಕೊಂಡರು. ಇಪ್ಪತ್ತೇಳು ವರ್ಷದ ಕೈ. ಬೆರಳು ಎಲ್ಲಿ ಬೀಳುತ್ತಿದೆ ಎಂದು ನೋಡುವವರಲ್ಲ. ಮಾತಾಡುತ್ತಲೇ ಟೈಪ್ ಮಾಡಿ, ಪರದೆಯನ್ನು ಅವನ ಕಡೆ ತಿರುಗಿಸಿದರು. ಅವನು ಬಗ್ಗಿ ಓದಿದ. ಎಲ್ಲ ಇತ್ತು. ಗುರುವಾರ, ಹತ್ತು ಗಂಟೆ ಹನ್ನೆರಡು ನಿಮಿಷ, ಅವನ ಹುದ್ದೆ, ಅವನ ಖಾತೆ. ಎರಡನೆಯ ಪ್ಯಾರಾ ಹೀಗೆ ಶುರುವಾಗುತ್ತಿತ್ತು: ‘ಸದರಿ ವಿಷಯವು ಭದ್ರತಾ ತಜ್ಞರಿಗೆ ಇಂದು ಪರಿಶೀಲನೆಯ ವೇಳೆ ತಿಳಿದುಬಂದಿದ್ದು, ಅವರು ಕೂಡಲೇ ನನ್ನ ಗಮನಕ್ಕೆ ತಂದಿರುತ್ತಾರೆ.’

“ಸರಿ ಇದ್ಯಾ ಸರ್?”

ಅವನು ಆ ಸಾಲನ್ನೇ ನೋಡುತ್ತಿದ್ದ. ಒಳ್ಳೆಯ ಸಾಲು. ಆಫೀಸಿನ ಕಾಗದಗಳಲ್ಲಿ ದಿನಾ ಬರುವ ಮಾತು. ಹಾಗೇ ಬಿಟ್ಟರೆ ಯಾರೂ ಕೇಳುವವರಿಲ್ಲ. ಕುರ್ಚಿ ಕಳೆದುಕೊಂಡೂ ಒಳ್ಳೆಯವನೆನಿಸಿಕೊಳ್ಳಬಹುದು, ಅಕ್ಕನ ಕಣ್ಣಲ್ಲಿ ಅದಾಗಲೇ ಅನಿಸಿಕೊಂಡಾಗಿತ್ತು.

“ಒಂದು ದಿನ ಮುಂಚೆ ಗೊತ್ತಾಗಿದ್ರೆ ಚೆನ್ನಾಗಿತ್ತು,” ಎಂದು ಅಕ್ಕ ಪ್ರಿಂಟರಿಗೆ ಕಾಗದ ತುಂಬುತ್ತ ಹೇಳಿದರು. “ನಿನ್ನೆನೇ ಗೊತ್ತಾಗಿದ್ರೆ ನೀವು ನಂಗೆ ಸಹಿ ಹಾಕೋಕೆ ಬಿಡ್ತಿದ್ರಾ?”

“ಅಕ್ಕಾ,” ಎಂದ. “‘ಇಂದು’ ಅಂತ ಹಾಕ್ಬೇಡಿ.”

“ಮತ್ತೆ?”

“ಸೋಮವಾರ ಅಂತ ಹಾಕಿ.”

ಅಕ್ಕ ಕಾಗದದ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಸೋಮವಾರ, ಮಂಗಳವಾರ, ಸಹಿ, ಸಂಜೆಯ ನೋಟ್‌ಬುಕ್ಕು, ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋದದ್ದು ಅವನಿಗೆ ಕಂಡಿತು. ಅವರು ಏನಾದರೂ ಅಂದಿದ್ದರೆ, ಕಾಗದದ ಕಟ್ಟನ್ನು ಮುಖಕ್ಕೆ ಎಸೆದಿದ್ದರೂ ಸರಿ, ಅವನಿಗೆ ಉಪಕಾರವಾಗುತ್ತಿತ್ತು. ಅವರು ನಿಧಾನವಾಗಿ ಬಂದು ಕೂತು, ಕಣ್ಣೊರೆಸಿಕೊಳ್ಳಲು ತೆಗೆದಿಟ್ಟಿದ್ದ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ಬೆಳಿಗ್ಗೆನೋ, ಮಧ್ಯಾಹ್ನನೋ?”

“ಬೆಳಿಗ್ಗೆ. ಒಂಬತ್ತೂವರೆಗೆ.”

ಅಕ್ಕ ‘ಇಂದು’ ಎಂಬುದನ್ನು ಅಳಿಸಿದರು. ಅದರ ಮುಂದಿದ್ದ ‘ಕೂಡಲೇ’ ಎಂಬುದನ್ನೂ ಅಳಿಸಿದರು. ಆಮೇಲೆ ಅವನ ಕಡೆ ನೋಡದೆ, ಕೀಲಿಮಣೆಯ ಮೇಲೆ ಬಗ್ಗಿ, ಹೊಸದಾಗಿ ಕಲಿಯುವವರ ಹಾಗೆ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು.